ಹೊಂಡದ ನೀರು, ಅಕ್ಕೋರ ಕಣ್ಣು

ಅಕ್ಕೋರ ಬಲಗಣ್ಣಿನ ಸುತ್ತ ಒಂದು ಉಂಗುರವಿತ್ತು. ಚಹಾದ ಬಟ್ಟಲನ್ನು ಮೇಜಿನ ಮೇಲಿಟ್ಟು ಎತ್ತಿದರೆ ಉಳಿಯುತ್ತದಲ್ಲ, ಹಾಗೆ ದುಂಡಗೆ, ತಿಳಿಗಂದು ಬಣ್ಣದ ಗುರುತು. ಸೂಕ್ಷ್ಮದರ್ಶಕದ ಹಿತ್ತಾಳೆ ಕೊಳವೆಗೆ ವರ್ಷಗಟ್ಟಲೆ ಕಣ್ಣೊತ್ತಿ ಕೂತದ್ದಕ್ಕೆ ಬಿದ್ದದ್ದು. ಎಡಗಣ್ಣು ಸದಾ ಅರ್ಧ ಮುಚ್ಚಿಯೇ ಇರುತ್ತಿತ್ತು. ಮೊದಲ ಸಲ ಕಂಡವರಿಗೆ ಇವರು ತಮ್ಮತ್ತ ಕಣ್ಣು ಹೊಡೆಯುತ್ತಿದ್ದಾರೋ ಏನೋ ಅನಿಸಬೇಕು. ನನಗೂ ಹಾಗೇ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ. ಕೆಲಸಕ್ಕೆ ಸೇರಿದ ದಿನವೇ, ಐವತ್ತರ ಹತ್ತಿರದ ಹೆಂಗಸೊಬ್ಬರು ಹೀಗೆ ನೋಡಿದರೆ ಮೀಸೆ ಚಿಗುರಿದ ಹುಡುಗ ಗಾಬರಿಯಾಗದೆ ಇನ್ನೇನು ಮಾಡಿಯಾನು?

ಅದು ಎಪ್ಪತ್ತರ ದಶಕದ ನಡುವಿನ ಮಾತು. ಸವದತ್ತಿಯ ಸಣ್ಣದೊಂದು ಕಾಲೇಜಿನಲ್ಲಿ ಅವರು ಜೀವಶಾಸ್ತ್ರ ಕಲಿಸುತ್ತಿದ್ದರು. ನಾನು ಅವರ ಪ್ರಯೋಗಶಾಲೆಯ ಡೆಮಾನ್‌ಸ್ಟ್ರೇಟರ್. ಅಕ್ಕೋರ ಊರು ಕಿತ್ತೂರಿನ ಕಡೆ. ಮೊದಲು ಬೈಲಹೊಂಗಲದ ಪ್ರಾಥಮಿಕ ಶಾಲೆಯಲ್ಲಿದ್ದು, ಆಮೇಲೆ ಹಟ ಹಿಡಿದು ಓದಿ ಕಾಲೇಜಿಗೆ ಬಂದವರು. ಹುಡುಗರು "ಮೇಡಂ" ಎಂದರೆ ಸಿಟ್ಟಾಗುತ್ತಿದ್ದರು. "ನಾ ಬೈಲಹೊಂಗಲದಾಗ ಸಣ್ಣ ಹುಡುಗರ ಮೂಗ ಒರಿಸಿ ಬಂದಾಕಿ. ಅಕ್ಕೋರ ಅನ್ರಿ, ಅಷ್ಟ ಸಾಕು" ಎನ್ನುತ್ತಿದ್ದರು. ಶಾಲೆಯ ಶಿಕ್ಷಕಿಯನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಹಾಗಾಗಿ ಪ್ರಿನ್ಸಿಪಾಲರಿಂದ ಹಿಡಿದು ಸಿಪಾಯಿಯವರೆಗೆ ಎಲ್ಲರಿಗೂ ಅವರು ಅಕ್ಕೋರೇ.

ಪ್ರಯೋಗಶಾಲೆ ಎಂದರೆ ಎರಡು ಕಿಟಕಿಯ ಒಂದು ಖೋಲಿ. ಸೂಕ್ಷ್ಮದರ್ಶಕ ಇದ್ದದ್ದೇ ಒಂದು. ಅದರ ಕೆಳಗಿನ ಪುಟ್ಟ ಕನ್ನಡಿಗೆ ಬಿಸಿಲು ಬಿದ್ದರೆ ಮಾತ್ರ ಏನಾದರೂ ಕಾಣುತ್ತಿತ್ತು. ಮೋಡ ಬಂದರೆ ಅಕ್ಕೋರು ಕಿಟಕಿಯಲ್ಲಿ ತಲೆ ಹಾಕಿ ಮುಗಿಲನ್ನು ಬೈಯುವರು. "ಬರೂದಾದ್ರ ಮಳಿ ತಗೊಂಡ ಬಾ, ಇಲ್ಲಂದ್ರ ಸರಿ ಆ ಕಡೆ!" ಊಟದ ಹೊತ್ತಿಗೂ ಕುರ್ಚಿ ಬಿಡುತ್ತಿರಲಿಲ್ಲ. ಒಂದು ಕೈಯಲ್ಲಿ ಶೇಂಗಾ ಹಿಂಡಿ ಹಚ್ಚಿ ಸುರುಳಿ ಸುತ್ತಿದ ರೊಟ್ಟಿ, ಇನ್ನೊಂದು ಕೈ ತಿರುಪಿನ ಮೇಲೆ. ಗಾಜಿನ ಪಟ್ಟಿಗಳ ಮೇಲೆ ಖಾರದ ಪುಡಿ ಉದುರುತ್ತಿತ್ತು. ಒರೆಸುವ ಕೆಲಸ ನನ್ನದು.

ಅವರ ಜೀವವೆಲ್ಲ ಅಮೀಬಾದ ಮೇಲೆ. ಮಣ್ಣಿನ ಬೋಗುಣಿಯಲ್ಲಿ ಹೊಂಡದ ನೀರು ಹಾಕಿ, ಕುದಿಸಿದ ನಾಲ್ಕು ಗೋದಿಕಾಳು ಬಿಟ್ಟು ಅವನ್ನು ಸಾಕುತ್ತಿದ್ದರು. ನಳದ ನೀರು ಅವಕ್ಕೆ ಒಗ್ಗದು. ಅದಕ್ಕೆಂದು ಪ್ರತಿ ವಾರ ಬಸ್ಸು ಹತ್ತಿ, ಹೂಲಿಯ ದಾರಿಯಲ್ಲಿದ್ದ ಒಂದು ಹಳ್ಳಿಗೆ ಹೋಗಿ, ಅಲ್ಲಿನ ಕುಡಿಯುವ ನೀರಿನ ಹೊಂಡದಿಂದ ಅಗಲ ಬಾಯಿಯ ಉಪ್ಪಿನಕಾಯಿ ಬಾಟ್ಲಿ ತುಂಬಿಸಿ ತರುತ್ತಿದ್ದರು. ಆ ಹಳ್ಳಿ ನಮ್ಮೂರು. ಎಲ್ಲರಂತೆ ಮೆಟ್ಟಿಲ ಮೇಲೆಯೇ ಚಪ್ಪಲಿ ಬಿಟ್ಟು ಇಳಿಯುತ್ತಿದ್ದರಾದ್ದರಿಂದ ಊರಿನವರಿಗೆ ಅವರ ಮೇಲೆ ತಕರಾರು ಇರಲಿಲ್ಲ. ನಗೆ ಮಾತ್ರ ಬೇಕಾದಷ್ಟಿತ್ತು. "ಅಕ್ಕೋರ, ನಿಮ್ಮ ಹುಳಾ ಆರಾಮ ಅದಾವಿಲ್ರಿ? ಲಗ್ನಾ ಯಾವಾಗ ಮಾಡ್ತೀರಿ?" ಎಂದು ಹೆಂಗಸರು ಕಾಡಿಸುವರು. "ಅವು ನಿಮ್ಮಕಿಂತ ಶಾಣ್ಯಾ ಅದಾವ, ಲಗ್ನದ ಗೊಡವಿಗೇ ಹೋಗೂದಿಲ್ಲ" ಎಂದು ಇವರು ತಿರುಗಿಸುವರು. ನಮ್ಮ ಅವ್ವ ಮನೆಗೆ ಕರೆದು ಮಜ್ಜಿಗೆ ಕೊಡುತ್ತಿದ್ದಳು. ಅಪ್ಪ ಮಾತ್ರ ಪಡಸಾಲೆಯಲ್ಲಿ ಕೂತು, "ಇಷ್ಟ ಓದಿ ನಮ್ಮ ಹೊಂಡದ ನೀರ ಹೊರೂದ ಬಂತಲ್ಲವಾ" ಎಂದು ಮೀಸೆಯಡಿ ನಗುತ್ತಿದ್ದ.

ಅಮೀಬಾ ನೀರು ಕುಡಿಯುವುದನ್ನು ನಾನು ಮೊದಲು ನೋಡಿದ ದಿನ ನೆನಪಿದೆ. ನೆನಪೇನು ಬಂತು, ಅವತ್ತಿನ ಗಾಬರಿ ಇನ್ನೂ ಪೂರ್ತಿ ಇಳಿದಿಲ್ಲ. ಅಕ್ಕೋರು ಗಾಜಿನ ಪಟ್ಟಿಯ ಮೇಲಿದ್ದ ಹನಿಗೆ ಒಂದಿಷ್ಟು ಉಪ್ಪುನೀರು ಬೆರೆಸಿ, "ನೋಡು" ಎಂದರು. ಅಲ್ಲಿಯವರೆಗೆ ಮೆಲ್ಲಗೆ ಹರಿದಾಡುತ್ತಿದ್ದ ಪ್ರಾಣಿ ಗಕ್ಕನೆ ನಿಂತಿತು. ದುಂಡಗಾಯಿತು. ಮೈಯ ಅಂಚು ಅಲ್ಲಲ್ಲಿ ಎದ್ದು, ಬಾಗಿ, ಹೊರಗಿನ ನೀರನ್ನು ತಬ್ಬಿಕೊಂಡು ಮುಚ್ಚಿತು. ಮುಚ್ಚಿದ್ದೇ ತಡ, ಒಳಗೊಂದು ದೊಡ್ಡ ಗುಳ್ಳೆ! ಅದರ ಹಿಂದೆ ಇನ್ನೊಂದು, ಮತ್ತೊಂದು. ನೋಡನೋಡುತ್ತಿದ್ದಂತೆ ಮೈಯೆಲ್ಲ ನೀರಿನ ಗುಳ್ಳೆ ತುಂಬಿತು.

"ಬಾಪರೇ! ಅಕ್ಕೋರ, ಇದಕ್ಕ ಬಾಯಿ ಎಲ್ಲೈತ್ರಿ?"

"ಬಾಯಿ ಇಲ್ಲೋ ತಮ್ಮಾ. ಮೈ ಎಲ್ಲಾ ಬಾಯಿನ. ನಿಮ್ಮವ್ವ ಹೋಳಿಗಿ ಮಾಡೂವಾಗ ನೋಡಿಯಲ್ಲ? ಅಂಗೈಯಾಗ ಕಣಕ ಹಿಡದು, ನಡುವ ಹೂರಣ ಇಟ್ಟು, ಅಂಚ ಎತ್ತಿ ಮುಚ್ಚತಾಳ. ಇದೂ ಹಂಗ. ಹೊರಗಿನ ನೀರ ಇದಕ್ಕ ಹೂರಣ."

"ಉಪ್ಪು ಇದಕ್ಕ ಆಗಿಬರೂದಿಲ್ಲಲ್ರಿ. ಮತ್ತ ಯಾಕ ಕುಡೀತೈತಿ?"

ಅಕ್ಕೋರು ಕೊಳವೆಯಿಂದ ಕಣ್ಣು ತೆಗೆದು ನನ್ನತ್ತ ತಿರುಗಿದರು. "ಒಳಗ ಬಂದ ಹೂರಣ ಎಂಥಾದು ಅಂತ ಕಣಕಕ್ಕೇನ ಗೊತ್ತು? ನೀರಿನ ಜೋಡಿ ಏನ ಇರತೈತಿ, ಎಲ್ಲಾ ಒಳಗ ಬರತೈತಿ. ಬೆಲ್ಲ ಇದ್ರ ಬೆಲ್ಲ, ಇಷ ಇದ್ರ ಇಷ. ಒಂದ ಮಾತ ನೆನಪಿಡು. ತಿಳಿನೀರಿನ್ಯಾಗ ಇವು ಹಿಂಗ ಕುಡಿಯೂದಿಲ್ಲ. ಹಿಂಗ ಕುಡಿಯಾಕ ಹತ್ತಿದ್ವು ಅಂದ್ರ ನೀರಿನ್ಯಾಗ ಏನೋ ಬೆರತೈತಿ ಅಂತ ತಿಳಿ."

ಆಮೇಲೆ ಏನೂ ಆಗದವರಂತೆ ರೊಟ್ಟಿ ಕಚ್ಚುತ್ತ, "ನಿನ್ನ ಮೈಯಾಗೂ ಹಿಂಗ ಗುಟುಕರಿಸೂ ಜೀವಕೋಶ ಅದಾವ. ಈಗೂ ಕುಡಿಯಾಕ ಹತ್ತಿರತಾವ, ನಿನ್ನ ಕೇಳೇನ ಕುಡಿಯೂದಿಲ್ಲ" ಎಂದರು. ನಾನು ನನ್ನ ಮುಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಅವತ್ತು ಊಟ ಸೇರಲಿಲ್ಲ.

ಆ ಕಾಲಕ್ಕೆ ನಮ್ಮ ಕಡೆ ಹೈಬ್ರಿಡ್ ಹತ್ತಿ ಹೊಸದಾಗಿ ಬಂದಿತ್ತು. ಹತ್ತಿಯ ಜೊತೆಗೆ ಹುಳು ಬಂತು, ಹುಳುವಿನ ಜೊತೆಗೆ 'ಎಣ್ಣಿ' ಬಂತು. ಕೀಟನಾಶಕಕ್ಕೆ ನಮ್ಮವರು ಇಟ್ಟುಕೊಂಡ ಹೆಸರು ಅದು. ಎಣ್ಣಿ ಹೊಡೆಯಲು ಬೆನ್ನಿಗೆ ಕಟ್ಟಿಕೊಳ್ಳುವ ಪಂಪು. ಊರಿನ ಏಳೆಂಟು ಮನೆಯವರು ಅದನ್ನು ಕೊಂಡಿದ್ದರು. ನಮ್ಮಪ್ಪನೂ ಕೊಂಡಿದ್ದ. ಅಬ್ಬಬ್ಬಾ, ಅದರ ದೌಲತ್ತೇನು! ಹೊಸ ಸೊಸೆಯನ್ನು ತೋರಿಸಿದ ಹಾಗೆ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಆ ವರ್ಷದ ಮಹಾನವಮಿ ಬಂತು. ಅವತ್ತು ಖಂಡೇ ಪೂಜೆ. ದುಡಿಯುವ ಆಯುಧಗಳನ್ನೆಲ್ಲ ತೊಳೆದು, ಪೂಜಿಸಿ, ಆ ದಿನದ ಮಟ್ಟಿಗೆ ಅವಕ್ಕೆ ವಿಶ್ರಾಂತಿ ಕೊಡಬೇಕು. ಪೂಜೆಯಾದ ಆಯುಧವನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ನಮ್ಮೂರಿನಲ್ಲಿ ಇನ್ನೂ ಒಂದು ರೂಢಿಯಿತ್ತು. ಗಂಡಸರು ಬೆಳಿಗ್ಗೆ ಎಮ್ಮೆ ಕೆರೆಯಲ್ಲಿ ಆಯುಧ ತೊಳೆದುಕೊಂಡು ಹೋಗಿ ಪೂಜೆ ಮುಗಿಸಿದ ಮೇಲೆಯೇ ಹೆಂಗಸರು ಕೊಡ ಹಿಡಿದು ಹೊಂಡಕ್ಕೆ ಬರಬೇಕು. ಹೋಳಿಗೆಯ ಅಡಿಗೆ ಆ ಹೊಸ ನೀರಿನಲ್ಲೇ ಆಗಬೇಕು.

ಕಾಲೇಜಿನಲ್ಲೂ ಪೂಜೆ. ಸಿಪಾಯಿ ಸೂಕ್ಷ್ಮದರ್ಶಕಕ್ಕೆ ಚೆಂಡು ಹೂವಿನ ಮಾಲೆ ಹಾಕಿ, ಗಾಜಿಗೇ ಕುಂಕುಮ ಹಚ್ಚಲು ಹೋಗಿ ಅಕ್ಕೋರ ಕೈಯಲ್ಲಿ ಬೈಸಿಕೊಂಡ. ಬೆಳಗಿನ ಬಸ್ಸಿಗೆ ಹೋಗಿ ಅವರು ಹೊಸ ನೀರು ತಂದಿದ್ದರು. ಆಗ ಹೊಂಡದ ಮೇಲೆ ಯಾರೂ ಇರಲಿಲ್ಲವಂತೆ. ಖೋಲಿಯ ತುಂಬ ಊದಿನಕಡ್ಡಿ, ಕರ್ಪೂರ, ಹೂವಿನ ವಾಸನೆ. ಆ ನೀರಿಗೆ ಬೇರೆ ವಾಸನೆಯಿದ್ದರೂ ನಮಗೆ ತಿಳಿಯುತ್ತಿರಲಿಲ್ಲ. ಮಂಗಳಾರತಿ ಮುಗಿದು ಎಲ್ಲರೂ ಹೋದರು. ನಾನು ಊರಿನ ಬಸ್ಸಿಗೆ ಹೊರಡುವವನಿದ್ದೆ. ನೋಡಿದರೆ, ಅಕ್ಕೋರು ಹೂವಿನ ಮಾಲೆಯನ್ನು ಪಕ್ಕಕ್ಕೆ ಸರಿಸಿ ಕೊಳವೆಗೆ ಕಣ್ಣು ಹಚ್ಚಿ ಕೂತಿದ್ದಾರೆ!

ಸಿಪಾಯಿ ಬಾಗಿಲಲ್ಲೇ ನಿಂತು ಕೆನ್ನೆ ಕೆನ್ನೆ ಬಡಿದುಕೊಂಡ. "ಅಕ್ಕೋರ, ಪೂಜಿ ಆದದ್ದನ್ನ ಇವತ್ತ ಮುಟ್ಟಬಾರದ್ರಿ!"

"ಅಮೀಬಾಕ್ಕ ಸೂಟಿ ಇಲ್ಲಪಾ. ಹೊಸಾ ನೀರ ಹಾಕೇನಿ, ಹೆಂಗದಾವ ನೋಡಬ್ಯಾಡೇನು?"

ಗಾಜಿನ ಕೊಳವೆಯನ್ನು ಬಾಯಲ್ಲಿಟ್ಟು ಎಳೆದು ನೀರು ಎತ್ತುವುದು ಆಗಿನ ಪದ್ಧತಿ. ಹಾಗೆ ಎತ್ತಿದ ಹೊಸ ನೀರಿಗೆ ಬೋಗುಣಿಯ ಹಳೆಯ ಅಮೀಬಾಗಳನ್ನು ಬಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ಅವರ ದನಿ ಬದಲಾಯಿತು. "ತಮ್ಮಾ, ಉಪ್ಪುನೀರ ಮುಟ್ಟಿಯೇನು?"

"ಇಲ್ರಿ."

"ಖರೇ ಹೇಳು."

"ದೇವರಾಣಿ ಇಲ್ರಿ ಅಕ್ಕೋರ."

ನಾನೂ ನೋಡಿದೆ. ಉಪ್ಪಿಲ್ಲ, ಏನಿಲ್ಲ, ಅವು ಕುಡಿಯುತ್ತಿದ್ದವು. ದುಂಡಗಾಗಿ, ಅಂಚು ಮಡಚಿ, ಗುಳ್ಳೆಯ ಮೇಲೆ ಗುಳ್ಳೆ ನುಂಗುತ್ತಿದ್ದವು. ಅಕ್ಕೋರು ಎಲ್ಲವನ್ನೂ ತೊಳೆದು ಹೊಸದಾಗಿ ಮಾಡಿದರು. ಹಳೆಯ ನೀರಿನಲ್ಲಿದ್ದವು ತಮ್ಮ ಪಾಡಿಗೆ ಹರಿದಾಡುತ್ತಿದ್ದವು. ಹೊಸ ನೀರಿಗೆ ಬಿಟ್ಟವು ಮತ್ತೆ ಕುಡಿದವು. ನನ್ನ ಕಣ್ಣೆದುರೇ ಒಂದು ಒಡೆದು ಚೆಲ್ಲಿಹೋಯಿತು.

"ಇವತ್ತ ನಿಮ್ಮ ಹೊಂಡದಾಗ ಏನ ತೊಳದಾರ?"

"ಹೊಂಡದಾಗ ಯಾರೂ ತೊಳಿಯೂದಿಲ್ರಿ. ಕುಡಗೋಲು, ಕುಂಟಿ ಎಲ್ಲಾ ಎಮ್ಮಿ ಕೆರ್ಯಾಗ..."

ಅಷ್ಟು ಹೇಳಿದವನಿಗೆ ಅಪ್ಪನ ಪಂಪು ನೆನಪಾಯಿತು. ಹಿಂದಿನ ವಾರ ಅಪ್ಪ ಹೇಳಿದ್ದ. ಈ ಸಲ ಪಂಪಿಗೂ ಪೂಜೆ. ಹೊಸ ಆಯುಧ, ಲಕ್ಷ್ಮಿಯಂಥದ್ದು, ಎಮ್ಮೆ ಹೊರಳುವ ರಾಡಿಯಲ್ಲಿ ಅದನ್ನು ತೊಳೆಯುವುದು ಶೋಭೆಯಲ್ಲ, ಸಿಹಿನೀರಿನಲ್ಲೇ ತೊಳೆಯಬೇಕು ಎಂದು ಪಂಪಿದ್ದವರೆಲ್ಲ ಮಾತಾಡಿಕೊಂಡಿದ್ದರು. ಭಕ್ತಿಯೇ ಅದು! ಪೂಜೆಗೆ ಇಡುವ ವಸ್ತುವಿನ ಒಳಗೆ ಎಂಜಲು ಉಳಿಯಬಾರದು ಎಂದು ಒಳಗೂ ಹೊರಗೂ ಜಾಲಿಸಿರುತ್ತಾರೆ. ಏಳೆಂಟು ಪಂಪು. ಈಗ ಹೆಂಗಸರು ಕೊಡ ಹಿಡಿದು ಹೊರಡುವ ಹೊತ್ತು. ನಮ್ಮ ಮನೆಯಲ್ಲಿ ತಂಗಿ ಬಾಣಂತಿ, ಹಸುಗೂಸು ಮಡಿಲಲ್ಲಿದೆ. ನಾನು ಹೇಗೋ ಇದನ್ನೆಲ್ಲ ಹೇಳಿದೆ. ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿ ಆಗಲೇ ಬಾಗಿಲು ದಾಟಿದ್ದರು.

ಊರಿನ ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು. ಕಾಲೇಜಿನ ಹಿಂದಿನ ಓಣಿಯಲ್ಲಿ ಒಂದು ಲಾರಿ ನಿಂತಿತ್ತು. ಬಾಳೆಗಿಡ ಕಟ್ಟಿ, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟು ಪೂಜೆ ಮುಗಿಸಿದ್ದರು. ಅದನ್ನು ಓಡಿಸುವ ಸಾಹೇಬರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಅಕ್ಕೋರು ಅವರೆದುರು ನಿಂತು ಒಂದೇ ಉಸಿರಿಗೆ ಹೇಳಿದರು. ಚಾಚಾ ಲಾರಿಯ ಹಾರವನ್ನೊಮ್ಮೆ ನೋಡಿದರು, ಮಾಲಕರ ಮನೆಯನ್ನೊಮ್ಮೆ ನೋಡಿದರು. "ಪೂಜಿ ನಾಳೆ ಮತ್ತ ಮಾಡಿದ್ರಾತು. ಹತ್ರಿ ಅಕ್ಕೋರ" ಎಂದರು. ಲಿಂಬೆಹಣ್ಣುಗಳು ಗಾಲಿಯಡಿ ಪಚಕ್ಕೆಂದವು. ಪೂಜೆಯಾದ ಎರಡು ಆಯುಧ ಅವತ್ತು ವಿಶ್ರಾಂತಿ ಪಡೆಯಲಿಲ್ಲ.

ನಾವು ಮುಟ್ಟುವ ಹೊತ್ತಿಗೆ ಹೆಂಗಸರು ಹೊಂಡದ ಮೇಲೆ ಸಾಲುಗಟ್ಟಿದ್ದರು. ಹೊಸ ಸೀರೆ, ಬೆಳಗಿದ ತಾಮ್ರದ ಕೊಡ. ಅವ್ವ ಎಲ್ಲರಿಗಿಂತ ಮುಂದೆ, ಇನ್ನೇನು ಕೊಡ ಮುಳುಗಿಸಬೇಕು. ಅಕ್ಕೋರು ಅವತ್ತೊಂದು ದಿನ ಚಪ್ಪಲಿ ಬಿಡಲಿಲ್ಲ. ಮೆಟ್ಟಿಲು ಇಳಿದವರೇ ಕೈ ಅಗಲಿಸಿ ಅಡ್ಡ ನಿಂತರು. "ಯಾರೂ ನೀರ ಮುಟ್ಟಬ್ಯಾಡ್ರಿ! ಎಣ್ಣಿ ಕೂಡೇತಿ ಇದರಾಗ!"

ಗದ್ದಲವೆದ್ದಿತು. ಚಪ್ಪಲಿ ಕಾಲು, ಹಬ್ಬದ ದಿನ, ಪರ ಊರಿನ ಹೆಂಗಸು. ಸುದ್ದಿ ಕೇಳಿ ಗಂಡಸರು ಬಂದರು. ಅಪ್ಪ ಹೊಸ ಧೋತರ ಉಟ್ಟು ಮುಂದೆ ಬಂದ. ಮುಖವೆಲ್ಲ ಬೆವರು. ಸಿಟ್ಟಿನ ಬೆವರು ಅಂದುಕೊಂಡೆ.

"ಏನ್ರಿ ಅಕ್ಕೋರ ಇದು? ನಿಮಗ್ಯಾರ ಹೇಳಿದ್ರ ನೀರ ಕೆಟ್ಟೈತಂತ?"

"ಅಮೀಬಾ ಹೇಳ್ಯಾವ."

ಜನ ನಕ್ಕರು. ಅಪ್ಪನೂ ನಕ್ಕ. "ನಿಮ್ಮ ಹುಳದ ಮಾತಿಗೆ ನಮ್ಮ ಹಬ್ಬಾ ನಿಲ್ಲಬೇಕೇನು? ನಾ ಪಂಪ ತೊಳದ್ರ ಇಷ್ಟ ದೊಡ್ಡ ಹೊಂಡ ಕೆಡತೈತೇನ್ರಿ? ನೋಡ್ರಿ ಇಲ್ಲೆ, ನಿಮ್ಮ ಮುಂದನ ಕುಡೀತೇನಿ." ಹಾಗೆಂದವನೇ ಯಾರದೋ ಕೈಯಿಂದ ತಂಬಿಗೆ ಕಸಿದು, ಬಗ್ಗಿ ತುಂಬಿಕೊಂಡು ಬಾಯಿಗೆ ಎತ್ತಿದ.

ಅಕ್ಕೋರು ಕೈ ಬೀಸಿದರು. ತಂಬಿಗೆ ಖಣ್ಣೆಂದು ಕಲ್ಲಿಗೆ ಬಡಿದು ಉರುಳುತ್ತ ನೀರಿಗೆ ಬಿತ್ತು. ಅಪ್ಪನ ಧೋತರವೆಲ್ಲ ತೋಯ್ದಿತು.

ನಮ್ಮಪ್ಪನಿಗೆ ಎದುರಾಡಿದ ಗಂಡಸರನ್ನೇ ನಾನು ಕಂಡಿರಲಿಲ್ಲ. ಇವರೋ, ಹಬ್ಬದ ದಿನ, ನೂರಾರು ಜನರ ಮುಂದೆ, ಅವನ ಕೈಮೇಲೆ ಹೊಡೆದಿದ್ದರು. ಈಗ ಏನಾಗುತ್ತದೆಯೋ ಎಂದು ನಾನು ಎರಡು ಮೆಟ್ಟಿಲು ಇಳಿದೆ. ಅಪ್ಪ ಬಾಯಿ ತೆರೆದ. ಬೈಗುಳ ಬರಲಿಲ್ಲ, ಜೊಲ್ಲು ಸುರಿಯಿತು. ಹೊಟ್ಟೆ ಹಿಡಿದು ಅಲ್ಲೇ ಕುಸಿದು ವಾಂತಿ ಮಾಡಿಕೊಂಡ. ಅಷ್ಟರಲ್ಲಿ ಒಬ್ಬಳು ಚೀರಿ ನೀರಿನತ್ತ ಕೈ ತೋರಿಸಿದಳು. ಮೆಟ್ಟಿಲ ಬುಡದಲ್ಲಿ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು. ಅದರಾಚೆ ಮತ್ತೊಂದು. ಆಮೇಲೆ ನೋಡಿದಲ್ಲೆಲ್ಲ ಬೆಳ್ಳಗೆ.

ಅಕ್ಕೋರು ಅಪ್ಪನ ರೆಪ್ಪೆ ಬಿಡಿಸಿ ನೋಡಿದರು. "ಬೆಳಿಗ್ಗೆ ಪಂಪ ತೊಳಿಯೂವಾಗ ಏನ ಮಾಡಿದ್ರಿ?"

"ನಳಗಿ ಕಟ್ಟಿತ್ತ್ರಿ... ಬಾಯಾಗ ಇಟ್ಕೊಂಡ ಊದಿದ್ನಿ..."

"ಕಣ್ಣಿನ ಬೊಂಬಿ ನೋಡೋ ತಮ್ಮಾ, ಸಾಸಿವಿಯಷ್ಟ ಆಗೇತಿ. ಎಣ್ಣಿ ಮೈಗೇರೇತಿ. ಹಾಕ್ರಿ ಲಾರಿಗೆ!"

ಅಪ್ಪನನ್ನು ಲಾರಿಯಲ್ಲಿ ಮಲಗಿಸಿ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಅಕ್ಕೋರು ಎದುರಿಗೆ ಹಲಗೆಗೆ ಒರಗಿ ಕೂತರು. ಊರು ದಾಟಿ ಸ್ವಲ್ಪ ದೂರ ಬಂದಿರಬೇಕು. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಬಹಳ ಸಾವಕಾಶವಾಗಿ, "ತಮ್ಮಾ, ನನ್ನ ಕಣ್ಣ ಒಮ್ಮಿ ನೋಡು" ಎಂದರು.

ಉಂಗುರವಿದ್ದ ಆ ಬಲಗಣ್ಣನ್ನು ನಾನು ಬಗ್ಗಿ ನೋಡಿದೆ. ಬೊಂಬೆ ಸಾಸಿವೆ ಕಾಳಿನಷ್ಟಿತ್ತು.

"ಅಕ್ಕೋರ!"

"ಒದರಬ್ಯಾಡ. ಬೆಳಿಗ್ಗೆ ಗಾಜಿನ ಕೊಳವಿ ಎಳಿಯೂವಾಗ ಒಂದ ಗುಟುಕ ಬಾಯಿಗೆ ಬಂದಿತ್ತು. ಹಬ್ಬದ ಉಪವಾಸಾ, ಬಾಯಿ ಒಣಗಿತ್ತು, ನುಂಗಿಬಿಟ್ಟೆ." ಒಂದಿಷ್ಟು ಸುಧಾರಿಸಿಕೊಂಡು ಮತ್ತೆ ಅಂದರು. "ಕಣಕಕ್ಕೇನ ಗೊತ್ತು."

ನನಗೆ ಅಳು ಬಂತು, ಸಿಟ್ಟೂ ಬಂತು. ಮೈಯಲ್ಲಿ ಇದನ್ನಿಟ್ಟುಕೊಂಡು ಆ ಬಿಸಿಲಲ್ಲಿ ಊರೆಲ್ಲರ ಬೈಗುಳ ತಿನ್ನುತ್ತ ನಿಂತಿದ್ದರಲ್ಲ! ಮೊದಲು ದವಾಖಾನೆಗೆ ಹೋಗಬಾರದಿತ್ತೇ ಎಂದು ಜಗಳವನ್ನೇ ತೆಗೆದೆ. "ನಾ ಕುಡದದ್ದು ಒಂದ ಗುಟುಕು. ಅಲ್ಲೆ ಕೊಡಾ ತುಂಬತಿದ್ರಲ್ಲೋ" ಎಂದು ಕಣ್ಣು ಮುಚ್ಚಿದರು. ಚಾಚಾ ಆ ಲಾರಿಯನ್ನು ಹೇಗೆ ಓಡಿಸಿದರೋ ದೇವರಿಗೇ ಗೊತ್ತು.

ಸವದತ್ತಿಯ ದವಾಖಾನೆಯಲ್ಲಿ ಇಬ್ಬರಿಗೂ ಅಕ್ಕಪಕ್ಕದ ಕಾಟು, ಒಂದೇ ಇಂಜೆಕ್ಷನ್ನು. ಅಕ್ಕೋರು ಬೇಗ ಎದ್ದು ಕೂತರು. ಅಪ್ಪನ ಜೀವ ಮಾತ್ರ ತುದಿಗೆ ಬಂದು, ಹೋಗಲೋ ಬೇಡವೋ ಎಂದು ಯೋಚಿಸಿ, ಕಡೆಗೆ ಉಳಿಯಿತು. ಕಣ್ಣು ಬಿಟ್ಟವನು ಪಕ್ಕದ ಕಾಟನ್ನು ನೋಡಿದ. ಅಕ್ಕೋರು ಯಾಕೆ ಅಲ್ಲಿದ್ದಾರೆಂದು ನಾನು ಹೇಳಿದೆ. ಅವನು ಗೋಡೆಯ ಕಡೆ ಹೊರಳಿದ. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅವತ್ತೊಂದೇ ಸಲ.

ಆ ನೀರು ಕುಡಿದಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ, ಎಷ್ಟು ಜನ ಹೋಗುತ್ತಿದ್ದರೋ, ಯಾರೂ ಹೇಳಲಾರರು. ಹೊಂಡವನ್ನು ಎಂಜಿನ್ ಹಚ್ಚಿ ಖಾಲಿ ಮಾಡಿದರು, ಕೆಸರು ತೆಗೆದರು. ಮರುವರ್ಷದ ಮಳೆಗೆ ಅದು ತುಂಬಿದಾಗಲೂ ಅಕ್ಕೋರು ಯಾರಿಗೂ ಬಾಯಿಗಿಡಲು ಬಿಡಲಿಲ್ಲ. ಒಂದು ಬಾಟ್ಲಿ ಧಾರವಾಡಕ್ಕೆ ಪರೀಕ್ಷೆಗೆ ಕಳಿಸಿದರು, ಒಂದು ಬಾಟ್ಲಿ ತಮ್ಮ ಅಮೀಬಾಗಳಿಗೆ ಒಯ್ದರು. ಹಿಂದೆ ನಗುತ್ತಿದ್ದ ಹೆಂಗಸರೇ ಬಸ್ಸಿನ ಹತ್ತಿರ ಓಡಿಬಂದು, "ಅಕ್ಕೋರ, ಹುಳಾ ಏನಂದ್ವುರಿ?" ಎಂದು ಕೇಳುವರು. "ಸುಮ್ಮನ ತಿರಗ್ಯಾಡಾಕ ಹತ್ತ್ಯಾವ, ಕುಡಿಯಾಕ ಹತ್ತಿಲ್ಲ. ಧಾರವಾಡದವರೂ ಆಗಬಹುದು ಅಂದಾರ. ಇನ್ನ ನೀವು ಕುಡೀರಿ" ಎಂದು ಅವರು ಹೇಳಿದ ದಿನ ಅವ್ವ ಹೋಳಿಗೆ ಮಾಡಿದಳು. ಅಪ್ಪ ಮಾತ್ರ ಅಕ್ಕೋರು ಮನೆಗೆ ಬಂದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದ. ಅವರೆದುರು ಕೂರುವ ಧೈರ್ಯ ಅವನಿಗೆ ಕಡೆಯವರೆಗೂ ಬರಲಿಲ್ಲ. ಆದರೆ ಪ್ರತಿ ಮಹಾನವಮಿಗೆ ಬೆಳಗಾಗುವ ಮೊದಲೇ ಹೊಂಡದ ಮೆಟ್ಟಿಲ ಮೇಲೆ ಬಡಿಗೆ ಹಿಡಿದು ಕೂರುತ್ತಿದ್ದ. ಕುಡಗೋಲು ತಂದವರನ್ನೂ ಓಡಿಸುತ್ತಿದ್ದ.

ಆ ದಶಕ ಮುಗಿಯುವ ಹೊತ್ತಿಗೆ ಅಕ್ಕೋರಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಕಿತ್ತೂರಿನ ಹತ್ತಿರ ಅಣ್ಣನ ಮನೆಗೆ ಹೋಗಿ ಮಲಗಿದರು. ಇನ್ನು ಹೆಚ್ಚು ದಿನವಿಲ್ಲ ಎಂದು ಸುದ್ದಿ ಬಂದಾಗ ನಾನು ಹೊರಟು ನಿಂತೆ. ಅಪ್ಪ ರುಮಾಲು ಸುತ್ತಿಕೊಂಡು ಹಿಂದೆ ಬಂದ. ಅವನ ಕಂಕುಳಲ್ಲಿ ಅಕ್ಕೋರು ನಮ್ಮಲ್ಲಿ ಬಿಟ್ಟುಹೋಗಿದ್ದ ಅಗಲ ಬಾಯಿಯ ಬಾಟ್ಲಿ, ತುಂಬ ಹೊಂಡದ ನೀರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ.

ಅಕ್ಕೋರಿಗೆ ಮಾತು ನಿಂತಿತ್ತು. ಕಣ್ಣು ಮಾತ್ರ ನಮ್ಮನ್ನು ಗುರುತಿಸಿತು. ಮೈ ಇಳಿದು ಹೋಗಿದ್ದರೂ ಆ ಉಂಗುರ ಹಾಗೇ ಇತ್ತು. ಮನೆಯವರು ಒಬ್ಬೊಬ್ಬರಾಗಿ ಬಾಯಿಗೆ ನೀರು ಬಿಡುತ್ತಿದ್ದರು. ಅಪ್ಪನ ಸರದಿ ಬಂತು. ಅವನು ಬಾಟ್ಲಿಯ ಮುಚ್ಚಳ ತೆಗೆದ. ಎಲ್ಲರೂ ನೋಡುತ್ತಿದ್ದಂತೆ ಮೊದಲು ತಾನೇ ಒಂದು ಗುಟುಕು ಕುಡಿದ. ಗಂಟಲು ಇಳಿದದ್ದು ಅಕ್ಕೋರಿಗೆ ಕಾಣುವಂತೆ ಸ್ವಲ್ಪ ಹೊತ್ತು ತಲೆ ಎತ್ತಿ ನಿಂತ. ಆಮೇಲೆ ಮಂಚದ ಪಕ್ಕ ಕೆಳಗೆ ಕೂತು, "ಏನೂ ಬೆರತಿಲ್ರಿ ಅಕ್ಕೋರ. ತಿಳಿ ಐತ್ರಿ" ಎಂದು ಚಮಚದಿಂದ ಅವರ ತುಟಿಗೆ ಬಿಟ್ಟ.

ಅಕ್ಕೋರು ಅದನ್ನು ಕುಡಿದರು.